ನನ್ನ ಪರಿಚಯವನ್ನು ನಾನೇ ಬರೆದ ಹನ್ನೊಂದು ದಿನ

ಕಳೆದ ಆಟಿ ತಿಂಗಳ ಒಂದು ಮಧ್ಯಾಹ್ನ, ಗಾಳಿಮಳೆಗೆ ಕರೆಂಟು ಹೋಗಿ ಫೋನಿನಲ್ಲಿ ಶೇಕಡಾ 11ರಷ್ಟೇ ಚಾರ್ಜು ಉಳಿದಿದ್ದ ಹೊತ್ತಿನಲ್ಲಿ, ನಾನು ಮಲಯಾಳದಿಂದ ಕನ್ನಡಕ್ಕೆ ತಂದ ಕಥಾಸಂಕಲನಕ್ಕೆ ಬಹುಮಾನ ಬಂದಿದೆಯೆಂಬ ಸಂದೇಶ ಬಂತು. ಅದರ ಕೊನೆಯಲ್ಲಿ, ನನ್ನ ಸಾಧನೆಗಳನ್ನು ಒಳಗೊಂಡ ಪರಿಚಯವನ್ನು 120 ಪದಗಳಿಗೆ ಮೀರದಂತೆ, ಕನ್ನಡ ಮತ್ತು ಮಲಯಾಳ ಎರಡರಲ್ಲೂ, ಹನ್ನೊಂದು ದಿನಗಳೊಳಗೆ ಕಳುಹಿಸಬೇಕೆಂಬ ವಿನಂತಿಯಿತ್ತು. ಸಂತೋಷ ಆ ಸಾಲಿನವರೆಗೆ ಮಾತ್ರ ಉಳಿಯಿತು. 212 ಪುಟಗಳ ಪುಸ್ತಕವನ್ನು ಬರೆದು ಮುಗಿಸಿದವಳಿಗೆ 120 ಪದಗಳು ಯಾವ ಲೆಕ್ಕ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಈ ವಿಷಯದಲ್ಲಿ ನಾನು ಅದಾಗಲೇ ಎರಡು ಸಲ ಎಡವಿ ಬಿದ್ದವಳು.

ಮೊದಲನೆಯ ಸಲ ಎಡವಿದ್ದು ಸಂಕೋಚದಿಂದ. ನನ್ನ ಮೊದಲ ಅನುವಾದ ಅಚ್ಚಾಗುವಾಗ ಬೆನ್ನುಪುಟಕ್ಕೆ ನಾಲ್ಕು ಸಾಲು ಬರೆದುಕೊಡಿ ಎಂದು ಪ್ರಕಾಶಕರು ಕೇಳಿದ್ದರು. “ಗೃಹಿಣಿ. ಓದು ಮತ್ತು ಬರಹ ಹವ್ಯಾಸ. ಇದೊಂದು ಅಳಿಲು ಸೇವೆ” ಎಂದು ಬರೆದು ಕೊಟ್ಟೆ. ಆ ವೇಳೆಗೆ ನಾನು ನಾಲ್ಕು ವರ್ಷಗಳಿಂದ ಹಣ ಪಡೆದು ಅನುವಾದ ಮಾಡುತ್ತಿದ್ದೆ. ಕೇರಳದ ಕನ್ನಡ ಮಾಧ್ಯಮದ ಮಕ್ಕಳ ಪಾಠಪುಸ್ತಕಕ್ಕಾಗಿ ನಡೆದ ಕಾರ್ಯಾಗಾರದಲ್ಲಿ ಕುಳಿತು ವಿಜ್ಞಾನದ ಎರಡು ಪಾಠಗಳನ್ನು ಕನ್ನಡಕ್ಕೆ ಇಳಿಸಿದ್ದೆ. ಅದಾವುದನ್ನೂ ಹೇಳಲಿಲ್ಲ. ಮುಂದೆ ಒಂದು ಸಂಸ್ಥೆಯವರು ಎರಡೂ ಭಾಷೆ ಬಲ್ಲ ಅನುವಾದಕರಿಗಾಗಿ ಹುಡುಕಾಡಿ, ಕಡೆಗೆ ಮಲಯಾಳವನ್ನು ಇಂಗ್ಲಿಷಿನ ಮೂಲಕ ಓದುವವರೊಬ್ಬರಿಗೆ ಆ ಕೆಲಸವನ್ನು ಕೊಟ್ಟರು. ನನ್ನ ಪುಸ್ತಕ ಅವರ ಕಪಾಟಿನಲ್ಲೇ ಇತ್ತಂತೆ. “ನೀವು ಹವ್ಯಾಸಕ್ಕೆ ಮಾಡುವವರು ಎಂದುಕೊಂಡಿದ್ದೆವು” ಎಂದರು. ಅವರನ್ನು ದೂರುವಂತಿರಲಿಲ್ಲ, ಹಾಗೆಂದು ಬರೆದುಕೊಟ್ಟವಳು ನಾನೇ.

ಎರಡನೆಯ ಸಲದ್ದು ಅದಕ್ಕೆ ವಿರುದ್ಧವಾದ ದಾರಿ. ಹಿಂದಿನ ಪೆಟ್ಟು ನೆನಪಿದ್ದುದರಿಂದ, ಒಂದು ಸನ್ಮಾನ ಕಾರ್ಯಕ್ರಮಕ್ಕೆ ಪರಿಚಯ ಕೇಳಿದಾಗ ಎರಡು ಪುಟ ಬರೆದು ಕಳುಹಿಸಿದೆ. ಹೈಸ್ಕೂಲಿನಲ್ಲಿ ಪ್ರಬಂಧ ಸ್ಪರ್ಧೆಯಲ್ಲಿ ಬಂದ ದ್ವಿತೀಯ ಬಹುಮಾನದಿಂದ ಹಿಡಿದು, ಆಕಾಶವಾಣಿಯಲ್ಲಿ ಮಾತನಾಡಿದ್ದು, ಕವಿಗೋಷ್ಠಿಗಳಲ್ಲಿ ಭಾಗವಹಿಸಿದ್ದು, ಯಾರು ಯಾರು ಶಾಲು ಹೊದೆಸಿದರು ಎಂಬುದು, ಎಲ್ಲವೂ ಅದರಲ್ಲಿತ್ತು. ನಿರೂಪಕರು ಒಂದಕ್ಷರವನ್ನೂ ಬಿಡದೆ ಓದಿದರು, ನಡುನಡುವೆ “ಬಹುಮುಖ ಪ್ರತಿಭೆ”, “ಎಲೆಮರೆಯ ಕಾಯಿ” ಎಂಬ ತಮ್ಮ ಒಗ್ಗರಣೆಯನ್ನೂ ಹಾಕಿದರು. ನಾನು ವೇದಿಕೆಯಲ್ಲಿ ಹಣ್ಣಿನ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಒಂಬತ್ತು ನಿಮಿಷ. ನನಗೆ ನಿಖರವಾಗಿ ಗೊತ್ತಿರುವುದು ಏಕೆಂದರೆ, ಸಭೆಯ ಹಿಂಬದಿಯ ಗೋಡೆ ಗಡಿಯಾರವನ್ನು ಬಿಟ್ಟು ಬೇರೆಲ್ಲಿಗೂ ನೋಡುವ ಧೈರ್ಯ ನನಗಿರಲಿಲ್ಲ. ಎರಡನೆಯ ಸಾಲಿನಲ್ಲಿದ್ದ ಹೆಂಗಸೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು, ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅವರು ನನ್ನ ಬಗ್ಗೆಯೇ ನಕ್ಕರೆಂಬುದಕ್ಕೆ ಯಾವ ಪುರಾವೆಯೂ ಇಲ್ಲ. ಆದರೆ ಅಂದಿನಿಂದ ಆ ಎರಡು ಪುಟಗಳ ಕಡತವನ್ನು ನಾನು ತೆರೆದಿರಲಿಲ್ಲ.

ಹೀಗಿರುವಾಗ ಮೂರನೆಯ ಸಲದ ಪರಿಚಯಕ್ಕೆ ಹನ್ನೊಂದು ದಿನಗಳ ಗಡುವು ಬಂದು ಕುಳಿತಿತು. ಮೊದಲ ಮೂರು ದಿನ ನಾನು ಮಾಡಿದ್ದು ಆ ಹಳೆಯ ಎರಡು ಪುಟಗಳನ್ನು ಸಣ್ಣದು ಮಾಡುವ ಕೆಲಸ. ಪ್ರಬಂಧ ಸ್ಪರ್ಧೆ ಹೋಯಿತು, ಕವಿಗೋಷ್ಠಿ ಹೋಯಿತು. ಆದರೂ ಉಳಿದ ಸಾಲುಗಳನ್ನು ಓದಿದರೆ ಬೇರೆ ಯಾರದೋ ಅಭಿನಂದನ ಗ್ರಂಥದಿಂದ ಕದ್ದ ಹಾಗೆ ಕಾಣುತ್ತಿತ್ತು. “ಗಡಿನಾಡಿನಲ್ಲಿ ಕನ್ನಡದ ದೀಪವನ್ನು ಆರದಂತೆ ಕಾಯ್ದ” ಎಂಬ ಒಂದು ಸಾಲು ಅದರಲ್ಲಿತ್ತು. ಅದು ನನ್ನದಲ್ಲ, ಹಿಂದಿನ ಸನ್ಮಾನಪತ್ರದಲ್ಲಿ ಯಾರೋ ಸೇರಿಸಿದ್ದು. ಆದರೆ ಅಳಿಸುವುದಕ್ಕೆ ಮನಸ್ಸು ಬಾರದೆ ನಾನೂ ಇಟ್ಟುಕೊಂಡಿದ್ದೆ. ಕಾಸರಗೋಡಿನವರಿಗೆ ಈ ಸಾಲು ಬಹಳ ಸುಲಭವಾಗಿ ಸಿಗುತ್ತದೆ, ಅಷ್ಟೇ ಸುಲಭವಾಗಿ ಮೈಗೆ ಒಪ್ಪುತ್ತದೆ ಕೂಡ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಾಗ ಬೀದಿಗಿಳಿದವರು ಹಿಂದಿನ ತಲೆಮಾರಿನವರು. ನಮ್ಮ ಬದಿಯಡ್ಕದ ಪಕ್ಕದ ಪೆರಡಾಲದಲ್ಲಿ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ನೂರು ವರ್ಷಗಳ ಬದುಕಿನ ದೊಡ್ಡ ಪಾಲನ್ನು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಆ ಹೋರಾಟಕ್ಕೆ ಕೊಟ್ಟರು. ಅವರು ಕವಿಯಾಗಿದ್ದರು, ಮೇಷ್ಟ್ರಾಗಿದ್ದರು, ಗದ್ದೆ ತೋಟದ ಕೆಲಸವನ್ನೂ ಬಿಟ್ಟವರಲ್ಲ. 1984ರ ಮೇ 24ರಂದು ಹುಟ್ಟಿದ ಕಾಸರಗೋಡು ಜಿಲ್ಲೆಗಿಂತ ಒಂದೇ ಒಂದು ವರ್ಷ ದೊಡ್ಡವಳಾದ ನಾನು ಕಾಯ್ದ ದೀಪ ಯಾವುದು? ನಾನು ಮಲಯಾಳವನ್ನು ಎದುರಿಸಿದವಳೂ ಅಲ್ಲ. ಅದರಿಂದ ಅನ್ನ ತಿನ್ನುವವಳು. ಆ ಸಾಲನ್ನು ಅಳಿಸಿದ್ದು ನಾಲ್ಕನೆಯ ದಿನ ಬೆಳಿಗ್ಗೆ. ಅದು ಹೋದ ಮೇಲೆ ಉಳಿದ ಪರಿಚಯ ಇನ್ನಷ್ಟು ಬಡಕಲಾಗಿ ಕಂಡಿತು.

ಸಂಜೆ ಕಂಪ್ಯೂಟರಿನ ಮುಂದೆ ಸುಮ್ಮನೆ ಕುಳಿತಿದ್ದವಳನ್ನು ನೋಡಿ ಅತ್ತೆ ವಿಷಯ ಏನೆಂದು ಕೇಳಿದರು. ಹೇಳಿದೆ. “ಬಹುಮಾನ ಬಂದದ್ದು ಹೌದಲ್ಲ? ಹೌದಾದರೆ ಹೇಳ್ಲಿಕ್ಕೆ ಎಂತ ನಾಚಿಕೆ? ಬಾರದ್ದನ್ನು ಬಂತು ಹೇಳಿದರಲ್ಲವಾ ನಾಚಬೇಕಾದ್ದು” ಎಂದು, ಒದ್ದೆಯಾದ ಅಡಿಕೆ ಹಾಳೆಯ ಟೋಪಿಯನ್ನು ಒಲೆಯ ಮೇಲೆ ಒಣಗಲಿಕ್ಕೆ ಕಟ್ಟಿ ಹೋದರು. ಅವರ ಮಾತಿನಲ್ಲಿ ಅರ್ಧ ಪರಿಹಾರ ಇತ್ತು. ಏನನ್ನು ಹೇಳಬಹುದು ಎಂಬುದಕ್ಕೆ ಅದು ಉತ್ತರ. ಹೇಗೆ ಹೇಳುವುದು ಎಂಬುದಕ್ಕಲ್ಲ.

ಉಳಿದರ್ಧ ಸಿಕ್ಕಿದ್ದು ನಮ್ಮ ಹಳೆಯ ಕನ್ನಡ ಮಾಷ್ಟ್ರ ಮನೆಯ ಜಗಲಿಯಲ್ಲಿ. ಅವರು ನಿವೃತ್ತರಾಗಿ ಬಹಳ ವರ್ಷಗಳಾದವು, ಆದರೆ ಮಳೆಗಾಲದ ತಾಳಮದ್ದಳೆಗಳಲ್ಲಿ ಈಗಲೂ ಅರ್ಥ ಹೇಳುತ್ತಾರೆ. ನಾನು ನನ್ನ ಕರಡನ್ನು ಓದಿದೆ. ಅವರು ಕಣ್ಣು ಮುಚ್ಚಿ ಕೇಳಿ, “ಇದು ಪೀಠಿಕೆ. ಆದರೆ ಕೆಟ್ಟ ಪೀಠಿಕೆ” ಎಂದರು.

ತಾಳಮದ್ದಳೆಯನ್ನು ಕೇಳಿದವರಿಗೆ ಪೀಠಿಕೆಯೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಕೇಳದವರಿಗಾಗಿ ಹೇಳುವುದಾದರೆ, ವೇಷವೂ ಇಲ್ಲದೆ ಕುಣಿತವೂ ಇಲ್ಲದೆ ಮಾತೊಂದರಿಂದಲೇ ನಡೆಯುವ ಆ ಕೂಟದಲ್ಲಿ, ಭಾಗವತರು ಪದ ಹೇಳಿ ಮುಗಿಸಿದ ಮೇಲೆ ಪಾತ್ರ ವಹಿಸಿದವರು ತಾನು ಯಾರು, ಎಂಥವನು, ಈಗ ಯಾವ ಸ್ಥಿತಿಯಲ್ಲಿದ್ದೇನೆ ಎಂಬುದನ್ನು ತಮ್ಮ ಬಾಯಿಂದಲೇ ಹೇಳಿಕೊಳ್ಳಬೇಕು. ಬಿಳಿ ಪಂಚೆ ಉಟ್ಟು ಚಾಪೆಯ ಮೇಲೆ ಕುಳಿತ ಮನುಷ್ಯನನ್ನು ಸಭೆ ಅರ್ಜುನನೆಂದು ನಂಬುವುದಕ್ಕೆ ಬೇರೆ ಆಧಾರವೇ ಇಲ್ಲ. ಅಂದರೆ ಸ್ವಪರಿಚಯದಲ್ಲಿ ನಾಚಿಕೆಗೆ ಎಡೆಯಿಲ್ಲ, ಅದು ಕಸುಬಿನ ಭಾಗ. ಇಷ್ಟನ್ನು ನಾನು ಬಾಲ್ಯದಿಂದ ಕೇಳುತ್ತ ಬಂದಿದ್ದರೂ ನನ್ನ 120 ಪದಗಳಿಗೂ ಅದಕ್ಕೂ ಇರುವ ಸಂಬಂಧ ಹೊಳೆದಿರಲಿಲ್ಲ.

ಮಾಷ್ಟ್ರು ತಮ್ಮದೇ ಕಥೆ ಹೇಳಿದರು. ಪ್ರಾಯದ ಕಾಲದಲ್ಲಿ ಒಮ್ಮೆ ಕರ್ಣಾರ್ಜುನದ ಪ್ರಸಂಗದಲ್ಲಿ ಅವರದು ಅರ್ಜುನ. ಖಾಂಡವವನವನ್ನು ಸುಟ್ಟದ್ದು, ಶಿವನೊಡನೆ ಸೆಣಸಿದ್ದು, ನಿವಾತಕವಚರನ್ನು ಗೆದ್ದದ್ದು, ವಿರಾಟನ ಗೋವುಗಳನ್ನು ಬಿಡಿಸಿದ್ದು ಎಂದು ಇಪ್ಪತ್ತೈದು ನಿಮಿಷ ಒಂದೇ ಸಮನೆ ಹೇಳಿದರಂತೆ. ಎದುರಿಗೆ ಕರ್ಣನಾಗಿದ್ದವರು ಹಿರಿಯ ಅರ್ಥಧಾರಿ. ಅವರು ಎಲೆಯಡಿಕೆಯನ್ನು ನಿಧಾನವಾಗಿ ಬದಿಗೆ ಸರಿಸಿ, “ಇಷ್ಟನ್ನೆಲ್ಲ ಮಾಡಿದವನು ನೀನು ಎಂದು ನನಗೆ ಗೊತ್ತಿತ್ತು ಅರ್ಜುನಾ. ನಿನಗೇನಾದರೂ ಸಂಶಯವಿತ್ತೋ?” ಎಂದು ಒಂದೇ ಮಾತು ಕೇಳಿದರು. ಸಭೆ ಗೊಳ್ಳೆಂದು ನಕ್ಕಿತು. ಅದನ್ನು ಹೇಳುವಾಗ ಮಾಷ್ಟ್ರ ಮುಖದಲ್ಲಿ ಈಗಲೂ ಸ್ವಲ್ಪ ಪೆಚ್ಚು ಉಳಿದಿತ್ತು.

“ಆಮೇಲೆ ಚಹಾದ ಹೊತ್ತಿನಲ್ಲಿ ಅವರೇ ಹೇಳಿಕೊಟ್ಟರು. ಖಾಂಡವವನ್ನು ಸುಟ್ಟೆ ಹೇಳಬೇಡ, ಆ ಬೆಂಕಿಯ ಝಳಕ್ಕೆ ನಿನ್ನ ಹುಬ್ಬು ಕರಕಾದದ್ದನ್ನು ಹೇಳು. ಶಿವನನ್ನು ಎದುರಿಸಿದೆ ಹೇಳಬೇಡ, ಬೇಡನೆಂದುಕೊಂಡು ಹೊಡೆದೆ, ಸೋತ ಮೇಲೆ ಗುರುತಾಯಿತು ಹೇಳು. ಜನಕ್ಕೆ ಉಳಿದದ್ದು ತನ್ನಷ್ಟಕ್ಕೇ ಗೊತ್ತಾಗ್ತದೆ.”

ಅದೇ ಕರ್ಣಪರ್ವದ ಇನ್ನೊಂದು ಪ್ರಕರಣವನ್ನು ಅವರು ನೆನಪಿಸಿದರು. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರ ತಲೆ ತೆಗೆಯುವೆನೆಂಬ ಶಪಥವಿದ್ದ ಅರ್ಜುನನಿಗೆ ಅಣ್ಣನೇ ಆ ಮಾತನ್ನು ಆಡಿಬಿಡುತ್ತಾನೆ. ಹಿರಿಯರನ್ನು ಏಕವಚನದಲ್ಲಿ ನಿಂದಿಸಿದರೆ ಕೊಂದಂತೆಯೇ ಎಂದು ಕೃಷ್ಣ ದಾರಿ ತೋರಿಸುತ್ತಾನೆ. ನಿಂದಿಸಿದ ಪಾಪಕ್ಕೆ ಅರ್ಜುನ ತನ್ನ ಕತ್ತನ್ನೇ ಕತ್ತರಿಸಿಕೊಳ್ಳಲು ಹೊರಟಾಗ, ನಿನ್ನನ್ನು ನೀನೇ ಹೊಗಳಿಕೊ, ಅದೂ ಆತ್ಮಹತ್ಯೆಯೇ ಎನ್ನುತ್ತಾನೆ. ನಮ್ಮಲ್ಲಿ ಆತ್ಮಪ್ರಶಂಸೆಗೆ ಹೆದರುವವರೆಲ್ಲರ ಬೆನ್ನಿಗೆ ಈ ಕಥೆ ನಿಂತಿದೆ. “ಆದರೆ ಅಲ್ಲಿ ಅರ್ಜುನ ಹೇಳಿಕೊಂಡದ್ದು ತನ್ನ ಸಮಾನ ಬೇರೆ ಯಾರೂ ಇಲ್ಲ ಹೇಳಿ. ಹಾಗೆ ಇನ್ನೊಬ್ಬರನ್ನು ಅಳತೆಕೋಲು ಮಾಡುವ ಮಾತು ಇದೆಯಲ್ಲ, ಕೊಲ್ಲುವುದು ಅದು. ಕುಮಾರವ್ಯಾಸನನ್ನು ನೋಡು” ಎಂದರು. ಹಲಗೆ ಬಳಪ ಹಿಡಿಯಲಿಲ್ಲ, ಬರೆದ ಪದವನ್ನು ಅಳಿಸಲಿಲ್ಲ ಎಂದು ತನ್ನ ಅಗ್ಗಳಿಕೆಯನ್ನು ಹೇಳಿಕೊಂಡ ಕವಿ ಅವನು. ಅದೇ ಕಾವ್ಯದಲ್ಲಿ ವೀರನಾರಾಯಣನೇ ಕವಿ, ತಾನು ಬರಿಯ ಲಿಪಿಕಾರ ಎಂದವನೂ ಅವನೇ. ಅವನ ಹೆಮ್ಮೆ, ವಿನಯ ಎರಡೂ ಬರವಣಿಗೆ ನಡೆದ ರೀತಿಯ ಬಗ್ಗೆ ಇವೆ, ಶಾಲು ಹಾರದ ಬಗ್ಗೆ ಇಲ್ಲ. ಮಾಷ್ಟ್ರ ಈ ಮಾತನ್ನು ನಾನು ಪೂರ್ತಿ ಒಪ್ಪಲಿಲ್ಲ, ಏಕೆಂದರೆ ಬೇರೆಯವರ ರೀತಿಯನ್ನು ಅನುಸರಿಸುವುದಿಲ್ಲ ಎಂಬುದೂ ಆ ಪದ್ಯದಲ್ಲಿ ಸೇರಿದೆ, ಅದರಲ್ಲಿ ಉಳಿದ ಕವಿಗಳಿಗೊಂದು ಚಿವುಟು ಇದ್ದೇ ಇದೆ. ಆದರೆ ಕುಮಾರವ್ಯಾಸನಿಗೆ ಸಲ್ಲುವುದು ಬದಿಯಡ್ಕದವಳಿಗೆ ಸಲ್ಲಬೇಕೆಂದಿಲ್ಲವಲ್ಲ.

ಮನೆಗೆ ಬಂದ ಮೇಲೆ ಕನ್ನಡದ ಕರಡನ್ನು ಮುಟ್ಟದೆ ಮೊದಲು ಮಲಯಾಳದ್ದನ್ನು ಬರೆಯಲು ಕುಳಿತೆ. ನಾನು ಮಲಯಾಳವನ್ನು ಸಲೀಸಾಗಿ ಓದುತ್ತೇನೆ, ಮಾತಾಡುತ್ತೇನೆ, ಆದರೆ ಬರೆಯುವುದು ಅರ್ಜಿಗಳಲ್ಲಿ ಮಾತ್ರ. ಮೊದಲ ಪದಕ್ಕೇ ತಡೆಯಾಯಿತು. ನಾನು ಅನುವಾದ ಮಾಡುವವಳು. ಮಲಯಾಳದಲ್ಲಿ ‘ಅನುವಾದಂ’ ಎಂದರೆ ಅನುಮತಿ. ಹಾಗೆಯೇ ಬರೆದರೆ ಕಥೆಗಳಿಗೆ ಪರವಾನಗಿ ಕೊಡುವ ಅಧಿಕಾರಿಯಾಗಿಬಿಡುತ್ತೇನೆ. ಅಲ್ಲಿ ಅನುವಾದಕ್ಕೆ ‘ವಿವರ್ತನಂ’ ಅನ್ನಬೇಕು, ಅಥವಾ ‘ಪರಿಭಾಷ’. ಆ ಎರಡನೆಯದು ಕನ್ನಡಕ್ಕೆ ಬಂದರೆ ಮತ್ತೆ ಬೇರೆಯೇ ಅರ್ಥ. ಹೀಗೆ ಒಂದೊಂದು ಪದವನ್ನೂ ತೂಗಿ ಇಡಬೇಕಾದಾಗ ನನಗೊಂದು ವಿಚಿತ್ರ ಅನುಭವವಾಯಿತು. ‘ಬಹುಮುಖ ಪ್ರತಿಭೆ’, ‘ಸಾಹಿತ್ಯ ಸರಸ್ವತಿಯ ಸೇವೆ’, ‘ಪುರಸ್ಕಾರಗಳಿಗೆ ಭಾಜನರಾದ’ ಎಂಬವುಗಳಿಗೆ ಸರಿದೊರೆಯಾದ ಮಾತುಗಳು ಮಲಯಾಳದಲ್ಲಿಯೂ ಧಾರಾಳವಾಗಿ ಇವೆ, ಆದರೆ ನನ್ನ ಕೈಗೆ ಅವು ಬರುವುದಿಲ್ಲ. ಅರ್ಜಿಯ ಮಲಯಾಳದಲ್ಲಿ ನನಗೆ ಬರುವುದು ಹೆಸರು, ಊರು, ಮಾಡಿದ ಕೆಲಸ, ಇಸವಿ, ಎಷ್ಟು ಎಂಬುದು ಮಾತ್ರ. ಅರ್ಧ ಗಂಟೆಯಲ್ಲಿ ಎಂಟು ವಾಕ್ಯಗಳಾದವು. ಓದಿ ನೋಡಿದೆ. ಮೊದಲ ಬಾರಿಗೆ ನನ್ನ ಪರಿಚಯವನ್ನು ಓದುವಾಗ ಗಡಿಯಾರದ ಕಡೆಗೆ ನೋಡಬೇಕೆನ್ನಿಸಲಿಲ್ಲ.

ಕನ್ನಡದಲ್ಲಿ ನನ್ನನ್ನು ಕೆಡಿಸಿದ್ದು ನನ್ನ ಕನ್ನಡದ ಸಲೀಸು. ಸನ್ಮಾನಪತ್ರಗಳ ಭಾಷೆ ಕಿವಿಯಲ್ಲಿ ಎಷ್ಟು ತುಂಬಿಕೊಂಡಿದೆಯೆಂದರೆ, ಬೆರಳು ಕೀಲಿಮಣೆಯ ಮೇಲಿಟ್ಟರೆ ಅದೇ ಹರಿದು ಬರುತ್ತದೆ. ವಿನಯದ ಭಾಷೆಯೂ ಹಾಗೆಯೇ ಸಿದ್ಧವಾಗಿ ಕಾದಿರುತ್ತದೆ. ‘ಅಳಿಲು ಸೇವೆ’ ಎಂದು ಬರೆಯುವಾಗ ಓದುವವರು ‘ಛೆ, ಇದು ಅಳಿಲು ಸೇವೆಯೇ?’ ಎನ್ನಲಿ ಎಂದೇ ಬರೆಯುತ್ತೇವೆ. ತನ್ನನ್ನು ತಾನೇ ಎಲೆಮರೆಯ ಕಾಯಿ ಎಂದು ಕರೆದುಕೊಳ್ಳುವ ಕಾಯಿ ಮರೆಯಲ್ಲಿ ಇರುವುದಾದರೂ ಹೇಗೆ? ಬಡಾಯಿಯನ್ನಾದರೂ ಜನ ಕ್ಷಮಿಸುತ್ತಾರೆ, ಇಂಥ ವಿನಯವನ್ನು ಕ್ಷಮಿಸುವುದಿಲ್ಲ ಎಂದು ನನ್ನ ಅನಿಸಿಕೆ.

ಹಾಗಾಗಿ ಮಲಯಾಳದ ಆ ಎಂಟು ವಾಕ್ಯಗಳನ್ನು, ಬೇರೆ ಯಾರೋ ಬರೆದದ್ದೆಂಬಂತೆ, ಕನ್ನಡಕ್ಕೆ ಅನುವಾದಿಸಿದೆ. ಆಮೇಲೆ ಮಾಷ್ಟ್ರು ಹೇಳಿದ ಕರಕಾದ ಹುಬ್ಬಿಗಾಗಿ ಹುಡುಕಿದೆ. ಈ ಪುಸ್ತಕದಲ್ಲಿ ನನಗೆ ಪೆಟ್ಟು ಬಿದ್ದದ್ದು ಎಲ್ಲಿ? ಎರಡು ಕಡೆ. ಹಸ್ತಪ್ರತಿಯನ್ನು ಇಬ್ಬರು ಪ್ರಕಾಶಕರು ಹಿಂದಿರುಗಿಸಿದ್ದರು. ಮತ್ತು ‘ಇರಯಂ’ ಎಂಬ ಪದ. ಮಳೆ ಬರುವಾಗ ಮನೆಯೊಳಗೂ ಹೋಗದೆ ಅಂಗಳಕ್ಕೂ ಇಳಿಯದೆ, ಮಾಡಿನಿಂದ ನೀರು ಸುರಿಯುವ ಗೆರೆಯ ಒಳಗಡೆ ನಿಲ್ಲುತ್ತೇವಲ್ಲ, ಆ ಜಾಗ. ಕಥೆಯಲ್ಲಿ ಬಾಕಿ ಕೇಳಲು ಬಂದವನೊಬ್ಬ ಅಲ್ಲಿ ನಿಂತಿರುತ್ತಾನೆ. ಅವನನ್ನು ಯಾರೂ ಒಳಗೆ ಕರೆಯುವುದಿಲ್ಲ. ಜಗಲಿ ಎಂದು ಬರೆದರೆ ಅವನನ್ನು ಕುಳ್ಳಿರಿಸಿದಂತಾಗುತ್ತದೆ, ಅಂಗಳ ಎಂದರೆ ಒದ್ದೆಯಾಗುತ್ತಾನೆ. ಆ ಕಥೆ ಐದು ವಾರ ಅಲ್ಲಿಯೇ ನಿಂತಿತ್ತು. ಕಡೆಗೆ ‘ಸೂರಿನಡಿ’ ಎಂದು ಬರೆದು ಮುಂದೆ ಹೋದೆ, ಪೂರ್ತಿ ಸಮಾಧಾನವಿಲ್ಲದೆ.

ಒಂಬತ್ತನೆಯ ದಿನ ರಾತ್ರಿ ಸಿದ್ಧವಾದದ್ದು ಇದು:

“ಮಲಯಾಳದ ಕಥೆಗಳನ್ನು ಕನ್ನಡಕ್ಕೆ ಅನುವಾದಿಸುತ್ತೇನೆ. 2009ರಿಂದ ಇದು ನನ್ನ ಉದ್ಯೋಗ. ನಾಲ್ಕು ಪುಸ್ತಕಗಳು ಪ್ರಕಟವಾಗಿವೆ. ಬಹುಮಾನ ಪಡೆದ ಸಂಕಲನದಲ್ಲಿ 14 ಕಥೆಗಳಿವೆ, ಮುಗಿಸಲು ಮೂರು ವರ್ಷ ಬೇಕಾಯಿತು. ಇಬ್ಬರು ಪ್ರಕಾಶಕರು ಹಿಂದಿರುಗಿಸಿದ ಹಸ್ತಪ್ರತಿಯನ್ನು ಮೂರನೆಯವರು ಅಚ್ಚು ಹಾಕಿದರು. ‘ಇರಯಂ’ ಎಂಬ ಪದಕ್ಕೆ ಕನ್ನಡ ಸಿಗದೆ ಒಂದು ಕಥೆ ಐದು ವಾರ ನಿಂತಿತ್ತು. ಈಗಿರುವ ಪದಕ್ಕಿಂತ ಒಳ್ಳೆಯದು ಗೊತ್ತಿರುವವರು ತಿಳಿಸಬೇಕು. ಕೇರಳದ ಕನ್ನಡ ಮಾಧ್ಯಮದ ಪಾಠಪುಸ್ತಕಗಳ ಅನುವಾದ ಕಾರ್ಯಾಗಾರಗಳಲ್ಲಿ ಎರಡು ಬಾರಿ ಕೆಲಸ ಮಾಡಿದ್ದೇನೆ. ಬದಿಯಡ್ಕದ ಸಮೀಪ ವಾಸ. ಅನುವಾದದ ಕೆಲಸಗಳನ್ನು ಒಪ್ಪಿಕೊಳ್ಳುತ್ತೇನೆ.”

‘ಹವ್ಯಾಸ’ ಇದ್ದ ಜಾಗದಲ್ಲಿ ‘ಉದ್ಯೋಗ’ ಎಂದು ಟೈಪು ಮಾಡುವಾಗ ಕೈ ಸ್ವಲ್ಪ ತಡವರಿಸಿದ್ದು ನಿಜ. ಕೊನೆಯ ವಾಕ್ಯವನ್ನು ಎರಡು ಸಲ ಅಳಿಸಿ ಮೂರನೆಯ ಸಲ ಉಳಿಸಿದೆ. ಕೆಲಸ ಬೇಕು ಎಂಬುದನ್ನು ಸುತ್ತಿ ಬಳಸಿ ಹೇಳುವುದಕ್ಕಿಂತ ನೇರವಾಗಿ ಹೇಳುವುದರಲ್ಲಿ ಜಂಬ ಕಡಿಮೆ.

ಕಳುಹಿಸುವ ಮೊದಲು ಮೂಲ ಲೇಖಕರಿಗೆ ಫೋನು ಮಾಡಿ ಓದಿ ಹೇಳಿದೆ. ಅನುವಾದಕರ ಪೈಕಿ ಕೆಲವರು ಇದನ್ನು ಅನಗತ್ಯವೆಂದುಕೊಳ್ಳುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಕಥೆ ಅವರದು, ಕನ್ನಡ ನನ್ನದು, ಬಹುಮಾನದ ಸುದ್ದಿ ಅವರಿಗೆ ಬೇರೆಯವರ ಬಾಯಿಂದ ತಲುಪಬಾರದು. ಅವರು ‘ಇರಯಂ’ ಬಗ್ಗೆ ಕೇಳಿ ನಕ್ಕು, ತಾನದನ್ನು ಬರೆಯುವಾಗ ಐದು ಸೆಕೆಂಡು ಕೂಡ ಯೋಚಿಸಿರಲಿಲ್ಲ ಎಂದರು.

ಕಾರ್ಯಕ್ರಮದ ದಿನ ನಿರೂಪಕರು ಇದನ್ನು ಓದಲು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಅಷ್ಟಕ್ಕೇ ಮುಗಿಸಿದರೆ ಮರ್ಯಾದೆಯಲ್ಲವೆಂದು ಅವರಿಗೆ ತೋರಿರಬೇಕು, “ಇಂಥ ಬಹುಮುಖ ಪ್ರತಿಭೆಯನ್ನು” ಎಂದು ತಮ್ಮ ಕಡೆಯಿಂದ ಸೇರಿಸಿಯೇ ಬಿಟ್ಟರು. ಇರಲಿ.

ಉಳಿದವರಿಗೆ ತಿಳಿಸುವುದು ಅಷ್ಟು ಕಷ್ಟವಾಗಲಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿಗೆ ಶಾಲು ಹೊದ್ದ ಚಿತ್ರವನ್ನೇ ಹಾಕಿದೆ, ಅಲ್ಲಿ ಅವರಿಗೆ ಬೇಕಾದದ್ದು ಅದು. ಚಿಕ್ಕಮ್ಮ ಸೀರೆಯ ಬಣ್ಣ ಚೆಂದ ಇದೆ ಎಂದರು. ನನಗೆ ಕೆಲಸ ಕೊಡುವ ಇಬ್ಬರಿಗೆ ಪುಸ್ತಕದ ಹೆಸರು, ಬಹುಮಾನದ ಹೆಸರು ಮತ್ತು ಮುಂದಿನ ತಿಂಗಳಿನಿಂದ ಪುಟಕ್ಕೆ ಐವತ್ತು ರೂಪಾಯಿ ಹೆಚ್ಚು ಎಂಬ ಮೂರು ಸಾಲು ಬರೆದೆ. ಒಬ್ಬರು ಒಪ್ಪಿದರು, ಇನ್ನೊಬ್ಬರು ಇನ್ನೂ ಉತ್ತರಿಸಿಲ್ಲ.

ಹೈಸ್ಕೂಲಿನ ಸಹಪಾಠಿಗಳ ಗುಂಪಿನ ಬಗ್ಗೆ ಮಾತ್ರ ನನಗೆ ಅಳುಕಿತ್ತು, ಏಕೆಂದರೆ ಅಲ್ಲಿ ಯಾರು ಏನು ಹಾಕಿದರೂ ಹೂಗುಚ್ಛದ ಚಿತ್ರಗಳು ಸಾಲಾಗಿ ಬಂದು ಬೀಳುತ್ತವೆ, ಹತ್ತು ನಿಮಿಷದಲ್ಲಿ ಎಲ್ಲರೂ ಮರೆಯುತ್ತಾರೆ. ಅದೇ 120 ಪದಗಳೊಳಗಿನ ಪರಿಚಯವನ್ನು ಅಲ್ಲಿಯೂ ಹಾಕಿದೆ. ಮೊದಲು ನಾಲ್ಕೈದು ಹೂಗುಚ್ಛಗಳು ಬಂದವು. ಆಮೇಲೆ ಪೆರ್ಲದ ಕಡೆಯ ಒಬ್ಬಳು, “ಜಗಲಿ ಕೊನೆ ಹೇಳಿದರೆ ಆಗ್ತಿರಲಿಲ್ಲವಾ?” ಎಂದಳು. ಜಗಲಿ ಎಲ್ಲಿ ಮುಗಿಯುತ್ತದೆ ಎಂಬುದರ ಬಗ್ಗೆಯೇ ಎರಡು ಪಕ್ಷವಾಯಿತು. ದುಬೈಯಲ್ಲಿರುವವನು ತನ್ನ ಹಳೆಯ ಮನೆಯ ಚಿತ್ರ ಹಾಕಿ ಅದರ ಮೇಲೆ ಕೆಂಪು ಗೆರೆ ಎಳೆದು ತೋರಿಸಿದ. ರಾತ್ರಿ ಹನ್ನೊಂದು ಗಂಟೆಗೆ, ಶಾಲೆ ಬಿಟ್ಟ ಮೇಲೆ ಒಂದು ಪುಸ್ತಕವನ್ನೂ ಓದಿಲ್ಲವೆಂದು ತಾನೇ ಹೇಳಿಕೊಳ್ಳುವ, ಮುಳ್ಳೇರಿಯದಲ್ಲಿ ಮನೆಗಳಿಗೆ ಹಂಚು ಹೊದೆಸುವ ಕೆಲಸ ಮಾಡಿಸುವ ಗೆಳೆಯ, “ಇಳಿಮಾಡಿನ ಅಡಿ ಹೇಳಿ ಬರಿ ಮಾರಾಯ್ತಿ, ಸೂರು ಎಲ್ಲ ಪುಸ್ತಕದ ಮಾತು” ಎಂದು ಧ್ವನಿ ಸಂದೇಶ ಕಳುಹಿಸಿದ.

ನನ್ನ ಪ್ರತಿಯ 67ನೆಯ ಪುಟದ ಅಂಚಿನಲ್ಲಿ ಅದನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಎರಡನೆಯ ಮುದ್ರಣವಾದರೆ ಬಾಕಿ ಕೇಳಲು ಬಂದವನು ಅಲ್ಲಿಗೆ ಸರಿದು ನಿಲ್ಲುತ್ತಾನೆ.